ಮನೇಲಿರೋ ಸಾಮಾನಲ್ಲೇ ಯೋಗದ ಪ್ರಾಪ್ಸ್: ಯಾವುದನ್ನ ಬಳಸ್ಬಹುದು, ಯಾವುದನ್ನ ಮುಟ್ಲೇಬಾರ್ದು

ದಿಂಬು ಹಾಕ್ಕೊಂಡು ಕೂತ್ರೂ ಸೊಂಟ ನೋಯತ್ತೆ, ಬೆಲ್ಟ್ ಬದ್ಲು ದುಪಟ್ಟಾ ಹಿಡ್ಕೊಂಡ್ರೆ ಜಾರತ್ತೆ, ಸ್ಟೀಲ್ ಡಬ್ಬಿ ಮೇಲೆ ಕೈ ಇಟ್ರೆ ಡಬ್ಬಿನೇ ಓಡೋಗತ್ತೆ. ಕ್ಲಾಸ್ ಬಿಟ್ಟು ಮನೇಲಿ ಯೋಗ ಶುರು ಮಾಡಿದೋರ ಗೋಳು ಹೆಚ್ಚು ಕಮ್ಮಿ ಇಷ್ಟೇ. ಪ್ರಾಪ್ಸ್ ಅಂದ್ರೆ ಆಸನದಲ್ಲಿ ಮೈಗೆ ಆಸರೆ ಕೊಡೋ ವಸ್ತುಗಳು. ಎಲ್ಲರೂ ಎಡವೋದು ಒಂದೇ ಜಾಗದಲ್ಲಿ: ಮೊದಲು ವಸ್ತು ಹುಡುಕ್ತಾರೆ, ಆಮೇಲೆ ಆಸನವನ್ನ ಅದಕ್ಕೆ ಹೊಂದಿಸೋಕೆ ನೋಡ್ತಾರೆ. ಇದು ಉಲ್ಟಾ ಆಗ್ಬೇಕು. ಮೈ ಎಲ್ಲಿವರೆಗೆ ಹೋಗ್ತಿದೆ, ಅಲ್ಲಿಂದ ನೆಲ ಎಷ್ಟು ದೂರ ಇದೆ ಅಂತ ಅಳೆದು, ಅಷ್ಟು ಎತ್ತರದ, ಕುಗ್ಗದ, ಜಾರದ ವಸ್ತು ಮನೇಲಿ ಏನಿದೆ ಅಂತ ಆಮೇಲೆ ನೋಡ್ಬೇಕು. ಆನ್‌ಲೈನ್‌ನಲ್ಲಿ ಕಿಟ್ ತರಿಸ್ಕೊಂಡೋರೂ ಇದೇ ಕ್ರಮ ಬಿಟ್ಟಿದ್ದಕ್ಕೇ ಕಷ್ಟ ಪಡೋದು, ಮೂರು ಬ್ಲಾಕ್ (ಕೈ ಊರೋಕೆ ಇಡೋ ಇಟ್ಟಿಗೆ ಆಕಾರದ ತುಂಡು) ಬಂದು ಮೂಲೇಲಿ ಕೂತಿರತ್ತೆ, ಯಾವ ಆಸನಕ್ಕೆ ಎಷ್ಟು ಎತ್ತರ ಅಂತ ಗೊತ್ತಿರಲ್ಲ.

ಶುರು ಮಾಡೋಕ್ಕೆ ಮುಂಚೆ ಇಷ್ಟು ಹತ್ರ ಇಟ್ಕೊಳ್ಳಿ: ಮಕ್ಕಳ ಸ್ಕೇಲ್ ಅಥವಾ ಟೈಲರ್ ಟೇಪು, ಎರಡು ಮೂರು ಗಟ್ಟಿ ಹೊದಿಕೆ, ಒಂದು ಹಳೇ ಕಾಟನ್ ಪಂಚೆ, ಪ್ಯಾಕಿಂಗ್ ಟೇಪು, ಎರಡು ಹಳೇ ಟವೆಲ್. ಪಕ್ಕದಿಂದ ನಿಂತು ನೋಡೋಕೆ ಒಬ್ರು ಇದ್ರೆ ಒಳ್ಳೇದು, ಇಲ್ಲಾಂದ್ರೆ ಫೋನನ್ನ ಗೋಡೆಗೆ ಒರಗಿಸಿ ವಿಡಿಯೋ ಆನ್ ಮಾಡಿ.

## ಹಂತ 1: ಮೊದಲು ಗ್ಯಾಪ್ ಅಳೀರಿ

ಮೂರು ಆಸನ ಸಾಕು. ಏನೂ ಹಾಕ್ಕೊಳ್ಳದೆ ಬರೀ ನೆಲದ ಮೇಲೆ ಮಾಡಿ.

ಒಂದು, ಸುಖಾಸನ. ಚಕ್ಕಳಮಕ್ಕಳ ಹಾಕ್ಕೊಂಡು ಕೂತು ಪಕ್ಕದಿಂದ ನೋಡಿಸ್ಕೊಳ್ಳಿ. ಮಂಡಿ ಸೊಂಟದ ಮೂಳೆಗಿಂತ ಮೇಲಿದ್ರೆ ಸೊಂಟ ಹಿಂದಕ್ಕೆ ವಾಲತ್ತೆ, ಬೆನ್ನು ಗೂನಾಗತ್ತೆ, ಐದು ನಿಮಿಷಕ್ಕೆ ನೋವು ಶುರು. ಮಂಡಿ ಸೊಂಟದ ಮಟ್ಟಕ್ಕೆ ಅಥವಾ ಅದಕ್ಕಿಂತ ಸ್ವಲ್ಪ ಕೆಳಕ್ಕೆ ಇಳಿಯೋವರೆಗೂ ಕೆಳಗೆ ಒಂದೊಂದೇ ಮಡಿಕೆ ಸೇರಿಸ್ತಾ ಹೋಗಿ, ಎಲ್ಲಿ ಬೆನ್ನು ತಾನಾಗೇ ನೆಟ್ಟಗಾಗತ್ತೋ ಅದೇ ನಿಮ್ಮ ಎತ್ತರ.

ಎರಡು, ತ್ರಿಕೋನಾಸನ, ಅಂದ್ರೆ ಕಾಲು ಅಗಲಿಸಿ ನಿಂತು ಪಕ್ಕಕ್ಕೆ ಬಗ್ಗೋದು. ಬಗ್ಗಿ ಕೈ ಬಿಟ್ಟಾಗ ಎದೆ ನೆಲದ ಕಡೆ ತಿರುಗೋಕೆ ಶುರುವಾಗೋ ಜಾಗ ಒಂದಿರತ್ತೆ. ಅದಕ್ಕಿಂತ ಸ್ವಲ್ಪ ಮೇಲೆ ನಿಲ್ಲಿ, ಅಂಗೈಯಿಂದ ನೆಲಕ್ಕೆ ಎಷ್ಟು ಇಂಚು ಅಂತ ಅಳೆಸಿ.

ಮೂರು, ಅಂಗಾತ ಮಲಗಿ ಒಂದು ಕಾಲು ನೇರ ಮೇಲೆತ್ತಿ ಪಾದ ಹಿಡಿಯೋಕೆ ನೋಡಿ. ತಲೆ ನೆಲ ಬಿಟ್ಟು ಎದ್ರೆ ಅಥವಾ ಮಂಡಿ ಮಡಚಿದ್ರೆ ಪಾದಕ್ಕೆ ಸಿಗಿಸಿ ಹಿಡ್ಕೊಳ್ಳೋಕೆ ಬೆಲ್ಟ್ ಬೇಕು. ಎಷ್ಟು ಉದ್ದ ಅನ್ನೋದು ಮುಂದೆ.

ಈ ಅಳತೆನ ಫೋನಲ್ಲಿ ಬರೆದಿಟ್ಕೊಳ್ಳಿ. ಸುಖಾಸನಕ್ಕೆ ಹೆಚ್ಚಿನೋರಿಗೆ 3ರಿಂದ 6 ಇಂಚು ಬೇಕಾಗತ್ತೆ, ಇದರಲ್ಲಿ ನಾಚ್ಕೊಳ್ಳೋಕೆ ಏನೂ ಇಲ್ಲ, ದಿನವಿಡೀ ಕುರ್ಚಿ ಮೇಲೆ ಕೂರೋ ಮೈಗೆ ಇನ್ನೇನು ಬರತ್ತೆ.

## ಹಂತ 2: ನೆಲ ಮತ್ತು ಗೋಡೆ

ವಿಟ್ರಿಫೈಡ್ ಟೈಲ್ಸ್ ಮೇಲೆ ಬರೀ ಜಮಖಾನ ಹಾಸಿ ನಿಂತು ಮಾಡೋ ಆಸನ ಮಾಡ್ಬೇಡಿ. ಕಾಲು ಅಗಲಿಸಿದ ತಕ್ಷಣ ಜಮಖಾನ ಸಮೇತ ಜಾರತ್ತೆ. ರೆಡ್ ಆಕ್ಸೈಡ್ ನೆಲಾನೂ ಅಷ್ಟೇ, ವರ್ಷಾನುಗಟ್ಟಲೆ ಒರೆಸಿ ಒರೆಸಿ ಕನ್ನಡಿ ಥರ ಆಗಿರತ್ತೆ. ಪ್ಲಾಸ್ಟಿಕ್ ಚಾಪೆ ಇನ್ನೂ ಕೆಟ್ಟದು. ಮ್ಯಾಟ್ ಇಲ್ದಿದ್ರೆ ಒಣಗಿದ ಬರಿಗಾಲಲ್ಲಿ ಬರೀ ನೆಲದ ಮೇಲೆ ನಿಲ್ಲೋದೇ ವಾಸಿ. ಎಣ್ಣೆ ಸ್ನಾನ ಮಾಡಿದ ದಿನ ಅದೂ ಬೇಡ, ಎಷ್ಟೇ ಸೀಗೆಪುಡಿ ಹಾಕಿ ತಿಕ್ಕಿದ್ರೂ ಅಂಗಾಲಲ್ಲಿ ಜಿಡ್ಡು ಉಳ್ಕೊಂಡಿರತ್ತೆ.

ಹಾಗಾಗಿ ಒಂದೇ ಒಂದು ವಸ್ತು ಕೊಂಡ್ಕೋಬೇಕು ಅಂದ್ರೆ ಅದು ಮ್ಯಾಟ್. 4ರಿಂದ 6 ಎಂಎಂ ದಪ್ಪ ಸಾಕು. 10 ಎಂಎಂ ಮೆತ್ತನೆ ಮ್ಯಾಟ್ ಅಂಗಡೀಲಿ ಮುಟ್ಟಿದಾಗ ಹಾಯಾಗಿರತ್ತೆ, ಆದ್ರೆ ಒಂಟಿ ಕಾಲಲ್ಲಿ ನಿಲ್ಲೋ ವೃಕ್ಷಾಸನದಲ್ಲಿ ಪಾದ ಅಲ್ಲಾಡ್ತಾನೇ ಇರತ್ತೆ. ಮಂಡಿ ಊರುವಾಗ ನೋವಾದ್ರೆ ಆಗ ಮಾತ್ರ ಟವೆಲ್ ಮಡಚಿ ಹಾಕ್ಕೊಳ್ಳಿ. ಹೊಸ ಮ್ಯಾಟ್ ಕೆಲವೊಂದು ಮೊದಮೊದ್ಲು ಜಾರತ್ತೆ, ಸೋಪ್ ನೀರಲ್ಲಿ ಒದ್ದೆ ಬಟ್ಟೆ ಅದ್ದಿ ಒರೆಸಿ ನೆರಳಲ್ಲಿ ಒಣಗಿಸಿದ್ರೆ ಸರಿ ಹೋಗತ್ತೆ.

ಗೋಡೆ ಪುಕ್ಕಟೆ ಪ್ರಾಪ್, ಯಾರೂ ಲೆಕ್ಕಕ್ಕೇ ಇಡಲ್ಲ. ಮೂರಡಿ ಅಗಲ ಖಾಲಿ ಗೋಡೆ ಬೇಕು. ಕ್ಯಾಲೆಂಡರ್ ಮೊಳೆ, ಸ್ವಿಚ್ ಬೋರ್ಡ್, ಮೇಲೆ ಫೋಟೋ ಫ್ರೇಮ್, ಈ ಮೂರೂ ಕಾಲು ತಗಲೋ ಎತ್ತರದಲ್ಲಿ ಇರ್ಬಾರ್ದು. ಬೀರು ಮತ್ತು ಬಾಗಿಲು ಗೋಡೆ ಅಲ್ಲ, ಬಾಗಿಲಿಗೆ ಒರಗಿ ನಿಂತಾಗ ಆ ಕಡೆಯಿಂದ ಯಾರಾದ್ರೂ ತಳ್ಳಿದ್ರೆ ಮುಗೀತು.

## ಹಂತ 3: ಹೊದಿಕೆ, ಅದನ್ನ ಮಡಚೋ ರೀತಿ

ಅತಿ ಹೆಚ್ಚು ಕೆಲಸ ಮಾಡೋದು ಇದೇ, ಅತಿ ಹೆಚ್ಚು ತಪ್ಪು ಆಗೋದೂ ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನಕ್ಕೆ ಓದಿ.

ಆರಿಸೋದು ಹೀಗೆ. ಸೊಲ್ಲಾಪುರದ ಚಾದರ ಬೆಸ್ಟ್, ಒತ್ತಾದ ಕಾಟನ್ ನೇಯ್ಗೆ, ಮಡಚಿದ್ರೆ ಹಲಗೆ ಥರ ನಿಲ್ಲತ್ತೆ. ಕಾಟನ್ ಜಮಖಾನ ಕೂಡ ಚೆನ್ನಾಗಿ ಬರತ್ತೆ. ಕುರಿ ಉಣ್ಣೆ ಕಂಬಳಿ ಇದ್ರೆ ಅದರಷ್ಟು ಗಟ್ಟಿ ಇನ್ನೊಂದಿಲ್ಲ, ಚುಚ್ಚತ್ತೆ ಅಂತ ಮೇಲೊಂದು ಬೆಡ್‌ಶೀಟ್ ಹಾಕ್ಕೊಂಡ್ರಾಯ್ತು. ಕೌದಿ ಕೂರೋಕೆ ಅಷ್ಟು ಸರಿ ಬರಲ್ಲ, ಒಂದು ಕಡೆ ಐದು ಪದರ ಇನ್ನೊಂದು ಕಡೆ ಎರಡು ಪದರ ಇರತ್ತಲ್ಲ, ಸೊಂಟ ವಾರೆಯಾಗತ್ತೆ, ಅದನ್ನ ಆರನೇ ಹಂತಕ್ಕೆ ಎತ್ತಿಡಿ. ಮದುವೆಲಿ ಉಡುಗೊರೆ ಬಂದ ಮಿಂಕ್ ಬ್ಲಾಂಕೆಟ್ ಮಾತ್ರ ಬೇಡ, ಪದರ ಪದರ ಜಾರತ್ತೆ, ಕೂತ್ರೆ ಕುಸಿಯತ್ತೆ.

ತಲೆದಿಂಬೂ ಇದೇ ಕಾರಣಕ್ಕೆ ಬೇಡ. ಸ್ಕೇಲ್ ಹಿಡ್ದು ನೋಡಿ: ಬರೀ ದಿಂಬು 5 ಇಂಚು ಕಾಣ್ತಾ ಇರತ್ತೆ, ನೀವು ಕೂತ ಮೇಲೆ ಪಕ್ಕದಲ್ಲಿ ಸ್ಕೇಲ್ ಇಟ್ರೆ ಒಂದೂವರೆ ಇಂಚೂ ಉಳಿದಿರಲ್ಲ, ಅದೂ ಎಡಕ್ಕೊಂದು ಬಲಕ್ಕೊಂದು ಥರ. ನಮಗೆ ಲೆಕ್ಕ ಬೇಕಾಗಿರೋದು ಕೂತ ಮೇಲಿನ ಎತ್ತರ. ಯಾವ ವಸ್ತು ಆರಿಸಿದ್ರೂ ಈ ಎರಡು ಅಳತೆ ತಗೊಳ್ಳಿ, ಅರ್ಧಕ್ಕಿಂತ ಜಾಸ್ತಿ ಕುಗ್ಗಿದ್ರೆ ಅದನ್ನ ವಾಪಸ್ ಮಂಚಕ್ಕೆ ಹಾಕಿ.

ಮಡಚೋದು: ಚಾದರ ಉದ್ದಕ್ಕೆ ಅರ್ಧ, ಮತ್ತೆ ಅರ್ಧ, ಆಮೇಲೆ ಅಡ್ಡಕ್ಕೆ ಮಡಚಿ, ಸುಮಾರು ಎರಡಡಿ ಅಗಲದ ಚೌಕ ಆಗ್ಬೇಕು. ಪ್ರತಿ ಮಡಿಕೆಗೂ ಕೈಯಲ್ಲಿ ಸವರಿ ಸುಕ್ಕು ತೆಗೀರಿ. ಕುಚ್ಚು ಇರೋ ಕಡೆ, ಬಿಡಿ ಬಿಡಿ ಅಂಚು ಇರೋ ಕಡೆ ಯಾವತ್ತೂ ಹಿಂದಕ್ಕೆ. ದುಂಡಗೆ ಕಾಣೋ ಮಡಿಕೆ ಅಂಚು ಮುಂದಕ್ಕೆ, ಅಂದ್ರೆ ಮೈ ಭಾರ ಬೀಳೋ ಕಡೆಗೆ. ಎರಡು ಮೂರು ಚಾದರ ಪೇರಿಸುವಾಗ ಎಲ್ಲದರ ಮುಂದಿನ ಅಂಚು ಒಂದೇ ಗೆರೇಲಿ ಇರ್ಬೇಕು.

ಕೂರೋದು: ಎಲ್ಲರೂ ಹೊದಿಕೆ ನಡುಮಧ್ಯೆ ಹೋಗಿ ಕೂರ್ತಾರೆ, ತೊಡೆ, ಪಾದ ಎಲ್ಲ ಮೇಲೇ ಇರತ್ತೆ, ಆಗ ಎತ್ತರ ಹಾಕ್ಕೊಂಡಿದ್ದೇ ದಂಡ. ಕೂರೋ ಮೂಳೆ ಎರಡೂ ಮುಂದಿನ ಅಂಚಿನ ಹತ್ರ ಬರ್ಬೇಕು, ತೊಡೆ ಇಳಿಜಾರಾಗಿ ಕೆಳಕ್ಕೆ ಬರ್ಬೇಕು, ಪಾದ ನೆಲದ ಮೇಲೆ. ಮಂಡಿ ಗಾಳೀಲಿ ತೂಗಾಡ್ತಿದ್ರೆ ಅದರ ಕೆಳಗೆ ಟವೆಲ್ ಸುತ್ತಿ ತುಂಬಿಸಿ. ಇದಾದ್ಮೇಲೂ 5 ಇಂಚು ಮೀರಿ ಬೇಕಾದ್ರೆ ಕೆಳಗೆ ಊಟದ ಮಣೆ ಇಟ್ಟು ಮೇಲೆ ಚಾದರ ಹಾಕಿ. ದೇವರ ಮನೆ ಮಣೆ ಎತ್ಕೊಂಡು ಬರ್ಬೇಡಿ, ಆಸನಕ್ಕಿಂತ ಮುಂಚೆ ಅಜ್ಜಿ ಜೊತೆ ಜಗಳ ಆಗತ್ತೆ.

ಸರ್ವಾಂಗಾಸನಕ್ಕೆ (ಭುಜದ ಮೇಲೆ ಭಾರ ಬಿಟ್ಟು ಕಾಲು ನೇರ ಮೇಲೆತ್ತೋ ಆಸನ) ಹೊದಿಕೆ ಪೇರಿಸೋದನ್ನ ಮಾತ್ರ ಒಬ್ಬರೇ ಓದ್ಕೊಂಡು ಮಾಡ್ಬೇಡಿ. ಭುಜ ಹೊದಿಕೆ ಮೇಲೆ, ತಲೆ ಕೆಳಗೆ ನೆಲದ ಮೇಲೆ, ದುಂಡಗಿನ ಅಂಚು ಕತ್ತಿನ ಕಡೆ ಅನ್ನೋದು ಸರಿ, ಆದ್ರೆ ಭುಜ ಎರಡು ಇಂಚು ಆಚೆ ಈಚೆ ಜಾರಿದ್ರೂ ಭಾರ ಪೂರ್ತಿ ಕತ್ತಿನ ಮೇಲೆ ಬೀಳತ್ತೆ. ಬಿಪಿ ಜಾಸ್ತಿ ಇರೋರು, ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಅಥವಾ ರೆಟಿನಾ ತೊಂದರೆ ಇರೋರು, ಕತ್ತು ನೋವಿರೋರು ಈ ಆಸನದ ಹತ್ರಾನೇ ಹೋಗ್ಬೇಡಿ.

## ಹಂತ 4: ಬ್ಲಾಕ್

ಅಂಗಡೀಲಿ ಸಿಗೋ ಫೋಮ್ ಬ್ಲಾಕ್ ಸಾಮಾನ್ಯವಾಗಿ 9 ಇಂಚು ಉದ್ದ, 6 ಇಂಚು ಅಗಲ, 3 ಅಥವಾ 4 ಇಂಚು ದಪ್ಪ ಇರತ್ತೆ. ಒಂದೇ ವಸ್ತು ಮೂರು ಎತ್ತರಕ್ಕೆ ಆಗತ್ತೆ ಅನ್ನೋದೇ ಅದರ ಉಪಯೋಗ. ಮನೆ ಕಟ್ಟೋ ಕೆಂಪು ಇಟ್ಟಿಗೆನೂ ಸುಮಾರು 9 ಇಂಚು, ನಾಲ್ಕೂವರೆ ಇಂಚು, 3 ಇಂಚು, ಹಾಗಾಗಿ ಎತ್ತರದ ಮಟ್ಟಿಗೆ ಇಟ್ಟಿಗೆ ಸಾಕಷ್ಟು ಹತ್ರ ಬರತ್ತೆ.

ಇಟ್ಟಿಗೆ ಆರಿಸುವಾಗ ಎರಡನ್ನ ಒಂದಕ್ಕೊಂದು ತಟ್ಟಿ ನೋಡಿ, ಟಣ್ ಅಂತ ಲೋಹದ ಸದ್ದು ಬಂದ್ರೆ ಚೆನ್ನಾಗಿ ಬೆಂದಿದೆ, ಡಬ್ ಅಂದ್ರೆ ಬಿಡಿ. ಮೂಲೆ ಮುರಿದಿರ್ಬಾರ್ದು, ಬಿರುಕು ಇರ್ಬಾರ್ದು. ಗೋಣಿ ಉಜ್ಜಿ ಪುಡಿ ತೆಗೆದು, ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ. ಆಮೇಲೆ ಹಳೇ ಟವೆಲ್‌ನ ಬಿಗಿಯಾಗಿ ಒಂದೂವರೆ ಸುತ್ತು ಸುತ್ತಿ ಸೂಜಿ ದಾರದಲ್ಲಿ ಹೊಲಿದುಬಿಡಿ. ಹೊಲಿಗೆ ಬೇಕು, ಸುಮ್ನೆ ಸುತ್ತಿ ಇಟ್ರೆ ಇಟ್ಟಿಗೆ ಟವೆಲ್ ಒಳಗೇ ಜಾರತ್ತೆ. ಎರಡು ಇಟ್ಟಿಗೆ ಒಂದೇ ಅಳತೆ ಇದೆಯಾ ಅಂತ ಪಕ್ಕಪಕ್ಕ ಇಟ್ಟು ನೋಡಿ, ಒಂದೇ ಭಟ್ಟಿದಾದ್ರೂ ಕಾಲು ಇಂಚು ವ್ಯತ್ಯಾಸ ಇರ್ಬಹುದು.

ಮರದ್ದು ಬೇಕಾದ್ರೆ ಸಾ ಮಿಲ್‌ನಲ್ಲಿ ಉಳಿದ ತುಂಡು ಕೇಳಿ, 9ಕ್ಕೆ ನಾಲ್ಕೂವರೆ, ದಪ್ಪ 3 ಅಂತ ಕುಯ್ಯಿಸಿ, ಸ್ಯಾಂಡ್ ಪೇಪರ್‌ನಲ್ಲಿ ಅಂಚೆಲ್ಲ ದುಂಡಗೆ ಉಜ್ಜಿ, ಸಿಬಿರು ಎದ್ದಿಲ್ಲ ತಾನೇ ಅಂತ ಹತ್ತಿ ಸವರಿ ನೋಡಿ, ಹತ್ತಿ ಎಳೆ ಎಲ್ಲಿ ಸಿಕ್ಕಾಕೊಳ್ಳತ್ತೋ ಅಲ್ಲಿ ಇನ್ನೂ ಉಜ್ಬೇಕು. ಪಾಲಿಶ್ ಮಾಡಿಸ್ಬೇಡಿ, ಬೆವರಿದ ಕೈ ಜಾರತ್ತೆ.

ಪುಸ್ತಕದ ಕಟ್ಟು ಕೊನೇ ಆಯ್ಕೆ. ದಪ್ಪ ರಟ್ಟಿನ ಹಳೇ ಗೈಡ್‌ಗಳನ್ನ ಜೋಡಿಸಿ, ದಾರದಲ್ಲಿ ಕೂಡಿಸೋ ಚಿಹ್ನೆ ಥರ ಕಟ್ಟಿ, ಮೇಲೆ ಪ್ಯಾಕಿಂಗ್ ಟೇಪ್ ಸುತ್ತಿದ್ರೆ ಕೈ ಊರೋಕೆ ಆಗತ್ತೆ. ಮಲಗಿಸಿ ಮಾತ್ರ ಬಳಸಿ, ನಿಲ್ಲಿಸಿದ್ರೆ ಬೀಳತ್ತೆ. ಇದನ್ನ ಕಾಲ ಕೆಳಗೆ ಇಡೋದು, ಮೇಲೆ ಕೂರೋದು ನಮ್ಮ ಮನೆಗಳಲ್ಲಿ ನಡೆಯಲ್ಲ, ಸರಸ್ವತಿ ಮೇಲೆ ಕಾಲಿಡ್ತೀಯಾ ಅಂತ ಬೈಸ್ಕೊಳ್ಳೋ ಬದ್ಲು ಅಂಥ ಆಸನಕ್ಕೆ ಇಟ್ಟಿಗೆನೇ ತಗೊಳ್ಳಿ. ಡಬ್ಬಿ, ನೀರಿನ ಬಾಟಲ್, ಮಗುಚಿಟ್ಟ ಪಾತ್ರೆ ಯಾವುದೂ ಬೇಡ. ದುಂಡಗಿರೋದು ಉರುಳತ್ತೆ, ಟೊಳ್ಳಿರೋದು ಅಮುಕಿಹೋಗತ್ತೆ, ಮುಚ್ಚಳ ಇರೋದು ಹಾರತ್ತೆ.

ಇಡೋ ಜಾಗ: ತ್ರಿಕೋನಾಸನದಲ್ಲಿ ಬ್ಲಾಕ್ ಬಗ್ಗೋ ಕಡೆ ಕಾಲಿನ ಹೊರಗಡೆ, ಕೈ ನೇರ ಭುಜದ ಕೆಳಗೆ ಬರೋ ಹಾಗೆ. ಬೆರಳ ತುದಿ ಅಲ್ಲ, ಅಂಗೈ ಇಡಿ. ಅಂಗಾತ ಮಲಗಿ ಸೊಂಟ ಎತ್ತೋ ಸೇತುಬಂಧದಲ್ಲಿ ಬ್ಲಾಕ್ ಹೋಗೋದು ಬೆನ್ನಿನ ಕೆಳತುದೀಲಿರೋ ಚಪ್ಪಟೆ ತ್ರಿಕೋನ ಮೂಳೆ ಕೆಳಗೆ, ಸೊಂಟದ ಗುಳಿ ಕೆಳಗೆ ಅಲ್ಲ, ಈ ತಪ್ಪು ಮಾಡಿದ್ರೆ ಎದ್ದ ಮೇಲೆ ಸೊಂಟ ಹಿಡ್ಕೊಳ್ಳೋದು ಗ್ಯಾರಂಟಿ. ಮೊದಲ ಸಲ 3 ಇಂಚು ಎತ್ತರದಲ್ಲೇ ಇಡಿ. ತೆಗೆಯುವಾಗ ಪಾದ ಒತ್ತಿ ಸೊಂಟ ಎತ್ತಿ, ಬ್ಲಾಕ್ ಪಕ್ಕಕ್ಕೆ ಸರಿಸಿ, ಆಮೇಲೆ ಇಳೀರಿ.

## ಹಂತ 5: ಬೆಲ್ಟ್

ಬೇಗ ಮುಗಿಸೋಣ. ಎಳೆದ್ರೆ ಹಿಗ್ಗೋದು ಯಾವುದೂ ಬೇಡ: ಎಲಾಸ್ಟಿಕ್, ಟಿ-ಶರ್ಟ್ ಬಟ್ಟೆ, ಜಿಮ್‌ನ ರಬ್ಬರ್ ಬ್ಯಾಂಡ್. ಸಿಂಥೆಟಿಕ್ ಸೀರೆ, ದುಪಟ್ಟಾ ಜಾರತ್ತೆ. ಹಗ್ಗ ಪಾದ ಕೊರೆಯತ್ತೆ. ಕಾಟನ್ ಪಂಚೆನ ಉದ್ದಕ್ಕೆ ಎರಡು ಇಂಚು ಅಗಲ ಬರೋ ಹಾಗೆ ಮಡಚ್ಕೊಂಡ್ರೆ ಇವತ್ತೇ ಶುರು ಮಾಡ್ಬಹುದು. ಶಾಶ್ವತಕ್ಕೆ ಬೇಕಂದ್ರೆ ಮಂಚಕ್ಕೆ ಹೆಣೆಯೋ ನವಾರ್ ಪಟ್ಟಿ 8 ಅಡಿ ತಗೊಂಡು, ಬ್ಯಾಗ್ ರಿಪೇರಿ ಮಾಡೋರ ಹತ್ರ ಒಂದು ತುದಿಗೆ ಎರಡು ಡಿ ರಿಂಗ್ ಹೊಲಿಸ್ಕೊಳ್ಳಿ. 6 ಅಡಿ ಕುಳ್ಳಗಿರೋರಿಗೆ ಸಾಕಾಗ್ಬಹುದು, 8 ತಗೊಂಡ್ರೆ ಚಿಂತೆ ಇಲ್ಲ.

ಬೆಲ್ಟ್ ಹಿಡಿದಾಗ ಮೊಣಕೈ ನೇರ, ತಲೆ ನೆಲದ ಮೇಲೆ, ಹಲ್ಲು ಕಚ್ಚಿರ್ಬಾರ್ದು. ಕೈಯಲ್ಲಿ ಜಗ್ಗಿ ಕಾಲನ್ನ ಹತ್ರ ತರೋದು ಗುರಿ ಅಲ್ಲ. ಮಂಡಿ ಹಿಂದೆ ಚುಳ್ ಅಂದ್ರೆ ಬೆಲ್ಟ್ ಸಡಿಲ ಬಿಡಿ.

## ಹಂತ 6: ಲೋಡು, ಅಂದ್ರೆ ಬೋಲ್‌ಸ್ಟರ್

ಮದುವೆ ಮನೇಲಿ ಗಾದಿ ಜೊತೆ ಹಾಕ್ತಾರಲ್ಲ ಆ ಗಟ್ಟಿ ಲೋಡು ಮನೇಲಿದ್ರೆ ಈ ಹಂತ ಬಿಡಿ. ಸೋಫಾ ಕುಶನ್ ಎರಡು ಮೂರು ಜೋಡಿಸೋದು ಬೇಡ, ಮಧ್ಯೆ ಬಾಯಿ ಬಿಟ್ಟು ಬೆನ್ನು ಅದರೊಳಗೆ ಇಳಿಯತ್ತೆ.

ಮಾಡ್ಕೊಳ್ಳೋದು ಹೀಗೆ. ಹರಿದ ಹಳೇ ಯೋಗ ಮ್ಯಾಟ್ ಇದ್ರೆ ಅಗಲಕ್ಕೆ ಸರಿಯಾಗಿ ಸುತ್ತಿ ಎರಡು ಕಡೆ ಕಟ್ಟಿ, ಇದು ಒಳಗಿನ ತಿರುಳು. ಕೌದಿ ಅಥವಾ ಎರಡು ಚಾದರನ ಎರಡಡಿ ಅಗಲಕ್ಕೆ ಮಡಚಿ ನೆಲದ ಮೇಲೆ ಹಾಸಿ, ಒಂದು ತುದೀಲಿ ತಿರುಳು ಇಟ್ಟು, ಪ್ರತಿ ಸುತ್ತಿಗೂ ಮಂಡಿ ಊರಿ ಅದುಮುತ್ತಾ ಸುತ್ತಿ. 8-9 ಇಂಚು ದಪ್ಪ ಬಂದಾಗ ಪಂಚೆ ಸೀಳಿದ ಪಟ್ಟಿಯಲ್ಲಿ ಎರಡು ತುದಿ, ಒಂದು ನಡು, ಒಟ್ಟು ಮೂರು ಕಡೆ ಬಿಗೀರಿ. ಗಂಟೆಲ್ಲ ಒಂದೇ ಸಾಲಲ್ಲಿ ಬರ್ಲಿ, ಬಳಸುವಾಗ ಆ ಸಾಲು ನೆಲದ ಕಡೆ ಇರ್ಬೇಕು, ಇಲ್ದಿದ್ರೆ ಬೆನ್ನುಮೂಳೆಗೇ ಒತ್ತತ್ತೆ. ಮೇಲೊಂದು ಬೆಡ್‌ಶೀಟ್ ಸುತ್ತಿ ತುದಿ ಒಳಗೆ ತುರುಕಿ.

ಮುಷ್ಟಿ ಊರಿ ಮೈ ಭಾರ ಬಿಟ್ಟು ನೋಡಿ. ಒಂದು ಇಂಚು ಇಳಿದು ನಿಂತ್ರೆ ಸರಿ. ನೆಲ ತಾಗಿದ್ರೆ ಬಿಚ್ಚಿ ಮತ್ತೆ ಸುತ್ತಿ, ಬೇಜಾರಾದ್ರೂ ಬೇರೆ ದಾರಿ ಇಲ್ಲ.

ಇದರ ಮೇಲೆ ಉದ್ದಕ್ಕೆ ಮಲಗುವಾಗ ತುದಿ ಸೊಂಟಕ್ಕೆ ತಾಗಿರ್ಬೇಕು, ಮಧ್ಯೆ ಒಂದು ಗೇಣು ಗ್ಯಾಪ್ ಬಿಟ್ರೆ ಸೊಂಟ ಜೋತು ಬೀಳತ್ತೆ. ತಲೆ ಕೆಳಗೆ ಟವೆಲ್ ಮಡಚಿ ಹಾಕಿ, ಹಣೆ ಗದ್ದಕ್ಕಿಂತ ಸ್ವಲ್ಪ ಮೇಲಿರ್ಲಿ. ಗದ್ದ ಸೂರಿಗೆ ಎದ್ದಿದ್ರೆ ಕತ್ತು ಹಿಂದೆ ಮುರಿದ ಹಾಗಿರತ್ತೆ, ಅದು ವಿಶ್ರಾಂತಿ ಅಲ್ಲ.

## ಹಂತ 7: ಕುರ್ಚಿ

ಪೆಟ್ಟು ಬೀಳೋ ಚಾನ್ಸ್ ಜಾಸ್ತಿ ಇರೋದು ಇಲ್ಲಿ. ವೀಲ್ ಇರೋ ಆಫೀಸ್ ಚೇರ್ ಬೇಡ, ಬ್ರೇಕ್ ಹಾಕ್ತೀನಿ ಅಂದ್ರೂ ಬೇಡ. ಪ್ಲಾಸ್ಟಿಕ್ ಸ್ಟೂಲ್ ಬೇಡ. ಪ್ಲಾಸ್ಟಿಕ್ ಚೇರ್ ಆದ್ರೆ, ಬಿಸಿಲಲ್ಲಿ ವರ್ಷಗಟ್ಟಲೆ ಇದ್ದು ಬಣ್ಣ ಮಾಸಿ ಬೆಳ್ಳಗಾಗಿರೋದನ್ನ ಪಕ್ಕಕ್ಕಿಡಿ, ಅದು ಒಳಗೊಳಗೇ ಪೆಡಸಾಗಿರತ್ತೆ, ಕಾಲು ಸೀಟಿಗೆ ಸೇರೋ ಜಾಗದಲ್ಲಿ ಕೂದಲೆಳೆ ಬಿರುಕು ಕಾಣತ್ತೆ. ಗಟ್ಟಿ ಇರೋ ಪ್ಲಾಸ್ಟಿಕ್ ಚೇರೂ ನುಣುಪು ನೆಲದ ಮೇಲೆ ಭಾರ ಬಿದ್ರೆ ಕಾಲು ಅಗಲಿಸತ್ತೆ, ಹಾಗಾಗಿ ಅದರ ಮೇಲೆ ಬರೀ ಕೂರೋ ಆಸನ, ಇಲ್ಲಾ ನೆಲದಲ್ಲಿ ಮಲಗಿ ಮೀನಖಂಡ ಮೇಲಿಡೋದು, ಅಷ್ಟಕ್ಕೇ ನಿಲ್ಲಿಸಿ.

ಸರಿಯಾದದ್ದು ಕಬ್ಬಿಣದ ಮಡಚೋ ಚೇರು. ಒರಗೋ ಜಾಗ ಖಾಲಿ ಇರೋ ಯೋಗದ ಚೇರ್ ನೋಡಿರ್ತೀರ, ನಮ್ಮ ಕೋಲಾರ ಜಿಲ್ಲೆ ಬೆಳ್ಳೂರಲ್ಲಿ ಹುಟ್ಟಿದ ಯೋಗ ಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿ ಕ್ಲಾಸುಗಳಲ್ಲಿ ಅದೇ ಇರೋದು. ಸಾಧಾರಣ ಮಡಚೋ ಚೇರನ್ನ ವೆಲ್ಡಿಂಗ್ ಅಂಗಡಿಗೆ ಒಯ್ದು ಹಿಂದಿನ ತಗಡು ತೆಗೆಸ್ಬಹುದು, ಆದ್ರೆ ಅಂಚು ಗ್ರೈಂಡ್ ಮಾಡಿಸದೆ ಮನೆಗೆ ತರ್ಬೇಡಿ, ಬೆರಳು ಕುಯ್ಯತ್ತೆ. ನಾಲ್ಕೂ ಕಾಲಿಗೆ ರಬ್ಬರ್ ಬುಶ್ ಇದೆಯಾ, ಬಿಚ್ಚಿ ನಿಲ್ಲಿಸಿದಾಗ ಲಾಕ್ ಪೂರ್ತಿ ಕೂರತ್ತಾ ನೋಡಿ.

ಚೇರ್ ಇಡೋದು ಮ್ಯಾಟ್ ಮೇಲೆ, ಹಿಂಗಾಲು ಗೋಡೆಗೆ ತಾಗಿಸಿ. ಸೀಟಿನ ಮುಂದಿನ ಅಂಚಿಗೆ ಎರಡೂ ಕೈ ಊರಿ ನಿಧಾನಕ್ಕೆ ಭಾರ ಬಿಡಿ, ಹಿಂಗಾಲು ಎದ್ರೆ ಆ ಚೇರ್‌ನ ಅಂಚಿಗೆ ಕೂರೋ ಹಾಗಿಲ್ಲ. ಅಧೋಮುಖ ಶ್ವಾನಾಸನದಲ್ಲಿ (ಕೈ ಕಾಲು ಊರಿ ಸೊಂಟ ಮೇಲೆತ್ತೋದು) ಕೈ ನೆಲಕ್ಕೆ ಊರೋಕಾಗ್ದೋರು ಸೀಟಿನ ಮೇಲೆ ಊರ್ಬಹುದು, ಭರದ್ವಾಜಾಸನದ ತಿರುಚು ಪಕ್ಕಕ್ಕೆ ಕೂತು ಮಾಡ್ಬಹುದು. ಚೇರ್ ಒಳಗೆ ತೂರಿ ಹಿಂದಕ್ಕೆ ಬಾಗೋದು, ಚೇರ್ ಹಿಡಿದು ಸರ್ವಾಂಗಾಸನ ಮಾಡೋದು, ಇವನ್ನ ಕಲಿಸೋರ ಮುಂದೆ ಮಾತ್ರ.

## ಹಂತ 8: ಭಾರ ಬಿಡೋ ಮುಂಚೆ, ಬಿಟ್ಟ ಮೇಲೆ

ಹೊಸ ವಸ್ತು ಯಾವುದೇ ಇರ್ಲಿ, ಮೊದಲು ಕೈಯಲ್ಲಿ ಒತ್ತಿ, ಆಮೇಲೆ ಪಕ್ಕಕ್ಕೆ ತಳ್ಳಿ, ಆಮೇಲೆ ಅರ್ಧ ಭಾರ ಬಿಟ್ಟು ಮೂರು ಉಸಿರು ಇರಿ, ಆಮೇಲೇ ಪೂರ್ತಿ ಭಾರ. ಹೆಚ್ಚಿನೋರು ಒತ್ತಿ ನೋಡ್ತಾರೆ, ಪಕ್ಕಕ್ಕೆ ತಳ್ಳಿ ನೋಡಲ್ಲ, ಆದ್ರೆ ಆಸನದಲ್ಲಿ ವಸ್ತು ಕೈಕೊಡೋದು ಹೆಚ್ಚಾಗಿ ಪಕ್ಕಕ್ಕೇ.

ನಿಲ್ಲಿಸ್ಬೇಕಾದ ಸೂಚನೆ: ಕಾಲಿಗೆ ಜೋಮು ಹಿಡಿದು ಆಸನ ಬಿಟ್ಟು ಒಂದೆರಡು ನಿಮಿಷ ಆದ್ರೂ ಹೋಗದೇ ಇರೋದು, ಮಂಡಿ ಒಳಗೆ ಚುಚ್ಚೋ ನೋವು, ಕಣ್ಣಲ್ಲಿ ಒತ್ತಡ, ಉಸಿರು ತಡೆದು ತಡೆದು ಬರೋದು, ತಲೆ ಸುತ್ತು. ತೊಡೆ ಹಿಂಭಾಗ ಎಳೆದ ಹಾಗಾಗೋದು ಇದರಲ್ಲಿ ಬರಲ್ಲ. ಕೀಲಿನೊಳಗೆ ನೋವು ಬಂದ್ರೆ ಆ ಕ್ಷಣ ನಿಲ್ಲಿಸಿ, ಎತ್ತರ ಜಾಸ್ತಿ ಮಾಡಿ ನೋಡಿ, ಆಗ್ಲೂ ಹೋಗ್ದಿದ್ರೆ ಆ ಆಸನ ಆವತ್ತಿಗೆ ಬಿಡಿ. ಗರ್ಭಿಣಿಯರು, ಆಪರೇಷನ್ ಆದೋರು ಡಾಕ್ಟರ್‌ನ ಕೇಳದೆ ಶುರು ಮಾಡ್ಬೇಡಿ.

ಇನ್ನೊಂದು ಕಮ್ಮಿ ಜನ ಗಮನಿಸೋ ಸೂಚನೆ: ಆಸನದಲ್ಲಿ ಇರೋವಾಗ ಪದೇ ಪದೇ ವಸ್ತುನ ಸರಿ ಮಾಡ್ತಾ ಇದ್ರೆ ನಿಮ್ಮ ಅಳತೆ ತಪ್ಪಿದೆ. ಎದ್ದು ಒಂದು ಮಡಿಕೆ ಸೇರಿಸಿ ಅಥವಾ ತೆಗೀರಿ.

## ಹಂತ 9: ದುಡ್ಡು ಹಾಕೋದಾದ್ರೆ ಯಾವ ಕ್ರಮದಲ್ಲಿ

ಮ್ಯಾಟ್ ಮೊದಲು. ಆಮೇಲೆ ಬ್ಲಾಕ್, ತಗೊಂಡ್ರೆ ಜೋಡಿ ತಗೊಳ್ಳಿ, ಒಂದೇ ತಂದ್ರೆ ಮತ್ತೆ ಇನ್ನೊಂದಕ್ಕೆ ಹುಡುಕಾಟ. ಹೆಬ್ಬೆರಳಲ್ಲಿ ಒತ್ತಿದ್ರೆ ಗುಳಿ ಬೀಳೋ ಫೋಮ್ ತಗೋಬೇಡಿ. ಮೂರನೇದು ಮಡಚೋ ಚೇರು, ಅದೂ ಕ್ಲಾಸಿಗೆ ಹೋಗಿ ಬಳಸೋದು ಕಲಿತ ಮೇಲೆ. ಹೊದಿಕೆ, ಬೆಲ್ಟು, ಲೋಡು ಮನೇಲಿ ಮಾಡಿದ್ದೇ ಸಾಕು, ಹೊದಿಕೆನ ತಿಂಗಳಿಗೊಂದು ಸಲ ಬಿಸಿಲಿಗೆ ಹಾಕಿ, ಲೋಡು ಸಡಿಲ ಆಗಿದ್ರೆ ಆವತ್ತೇ ಬಿಚ್ಚಿ ಬಿಗೀರಿ, ಇಟ್ಟಿಗೆ ಹೊಲಿಗೆ ಬಿಟ್ಟಿದೆಯಾ ನೋಡಿ. ಕಣ್ಣಿನ ಮೇಲೆ ಇಡೋ ಅಗಸೆ ಬೀಜದ ಚೀಲಕ್ಕೆ ದುಡ್ಡು ಕೊಡೋದು ದಂಡ, ಶವಾಸನಕ್ಕೆ ಮಡಚಿದ ಕರ್ಚೀಫ್ ಸಾಕು, ಗ್ಲಾಕೋಮಾ ಇರೋರು ಕಣ್ಣಿನ ಮೇಲೆ ಭಾರ ಇಡೋದೇ ಬೇಡ.